ಥೀಮ್ ಪಾರ್ಕಿಗೆ ಒಂದು ದಿನ ಕೊಡಬೇಕೆ?

ಏಪ್ರಿಲ್ ತಿಂಗಳಲ್ಲಿ ಶಾಲೆಗಳಿಗೆ ರಜೆ ಬೀಳುತ್ತಿದ್ದಂತೆ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿಯೂ ಪ್ರವಾಸದ ಮಾತು ಆರಂಭವಾಗುತ್ತದೆ. ನವಲಗುಂದ, ಅಣ್ಣಿಗೇರಿ ಭಾಗದ ಎರೆ ಭೂಮಿಯಲ್ಲಿ ಕಡಲೆ, ಜೋಳ, ಕುಸುಬೆಯ ಸುಗ್ಗಿ ಮುಗಿದು, ಮುಂಗಾರಿನ ಹೆಸರು ಬಿತ್ತನೆಗೆ ಇನ್ನೂ ಸಮಯವಿರುವ ಕಾಲವದು. ಹಿಂದೆ ಈ ಬಿಡುವು ಧರ್ಮಸ್ಥಳ, ಮಂತ್ರಾಲಯ, ಶ್ರೀಶೈಲಗಳಿಗೆ ಮೀಸಲಾಗಿತ್ತು. ಈಗ ಮಗನೋ ಮಗಳೋ ಸಿಂಗಪುರದಲ್ಲಿ ಅಥವಾ ದುಬೈಯಲ್ಲಿ ನೌಕರಿಯಲ್ಲಿರುವ ಮನೆಗಳಿಗೆ ಅಲ್ಲಿಂದಲೇ ಕರೆ ಬರುತ್ತದೆ. ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ, ಹುಬ್ಬಳ್ಳಿಯಲ್ಲಿಯೇ ಸೇವಾ ಕೇಂದ್ರವಿದೆ. ಹೊರಡುವುದು ನಿಶ್ಚಯವಾದ ಮೇಲೆ ಮನೆಯಲ್ಲಿ ನಡೆಯುವ ಮೊದಲ ಜಗಳವೇ ಥೀಮ್ ಪಾರ್ಕಿನದು. ಮಕ್ಕಳಿಗೆ ಅದೇ ಪ್ರವಾಸ; ಹಿರಿಯರಿಗೆ ಅದು ದುಡ್ಡಿನ ದಂಡ.

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಅದನ್ನು ಅರಿಯಲು ಇಂತಹ ಉದ್ಯಾನಗಳು ಹಣ ಪಡೆಯುವ ಕ್ರಮವನ್ನು ನೋಡಬೇಕು. ನಮ್ಮ ಜಾತ್ರೆಗಳಲ್ಲಿ ತಿರುಗುವ ತೊಟ್ಟಿಲು ಹತ್ತಿದವನಷ್ಟೇ ಹಣ ಕೊಡುತ್ತಾನೆ. ಅಜ್ಜ ಕೆಳಗೆ ನಿಂತು ಮೊಮ್ಮಗನಿಗೆ ಕೈಬೀಸಿದರೆ ಅದಕ್ಕೆ ಶುಲ್ಕವಿಲ್ಲ. 1955ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಡಿಸ್ನಿಲ್ಯಾಂಡ್‌ನಲ್ಲಿಯೂ ಬಹುಕಾಲ ಆಟಕ್ಕೊಂದು ಚೀಟಿಯ ಪದ್ಧತಿಯೇ ಇತ್ತು. 1982ರಲ್ಲಿ ಅದು ಚೀಟಿ ಪುಸ್ತಕಗಳನ್ನು ಕೈಬಿಟ್ಟು ಬಾಗಿಲಲ್ಲಿಯೇ ಒಂದೇ ಟಿಕೆಟ್ ಕೊಡತೊಡಗಿತು. ಇಂದು ದೊಡ್ಡ ಉದ್ಯಾನಗಳೆಲ್ಲ ಸಾಮಾನ್ಯವಾಗಿ ಈ ಪದ್ಧತಿಯಲ್ಲಿಯೇ ನಡೆಯುತ್ತವೆ. ಹತ್ತು ಆಟ ಆಡುವ ಹುಡುಗನಿಗೆ ಇದು ಲಾಭ. ಒಂದನ್ನೂ ಹತ್ತದೆ ನೆರಳು ಹುಡುಕಿ ಕೂರುವ ಅಜ್ಜಿಗೆ ಇದು ಶುದ್ಧ ನಷ್ಟ.

ಸಿಂಗಪುರದ ಸೆಂಟೋಸಾ ದ್ವೀಪದಲ್ಲಿ 2010ರಲ್ಲಿ ತೆರೆದ ಯೂನಿವರ್ಸಲ್ ಸ್ಟುಡಿಯೋಸ್ ಅನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ವಯಸ್ಕರ ಟಿಕೆಟ್ ನಮ್ಮ ಹಣದಲ್ಲಿ 5 ಸಾವಿರ ರೂಪಾಯಿ ದಾಟುತ್ತದೆ. 4ರಿಂದ 12 ವರ್ಷದ ಮಕ್ಕಳಿಗೂ 60 ದಾಟಿದವರಿಗೂ ದರ ಕಡಿಮೆ. ನಾಲ್ಕು ತುಂಬದ ಮಗುವಿಗೆ ಶುಲ್ಕವಿಲ್ಲ. ಅಜ್ಜ, ಅಜ್ಜಿ, ದಂಪತಿ, ಇಬ್ಬರು ಮಕ್ಕಳು ಎಂದು ಲೆಕ್ಕ ಹಿಡಿದರೂ ಪ್ರವೇಶ ಮತ್ತು ಊಟ ಸೇರಿ 25 ಸಾವಿರ ರೂಪಾಯಿ ಸುಲಭವಾಗಿ ದಾಟುತ್ತದೆ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಕಡಲೆಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 5,650 ರೂಪಾಯಿ. ಅಂದರೆ ನಾಲ್ಕು ಕ್ವಿಂಟಲ್‌ಗೂ ಮಿಕ್ಕಿದ ಕಡಲೆ ಒಂದು ದಿನಕ್ಕೆ ಹೋಯಿತು. ಸರದಿ ತಪ್ಪಿಸುವ ಎಕ್ಸ್‌ಪ್ರೆಸ್ ಪಾಸಿನ ಬೆಲೆ ಇದರ ಮೇಲೆ ಬೇರೆ.

ಹಣಕ್ಕಿಂತಲೂ ಮುಖ್ಯವಾದುದು ಮಗುವಿನ ಎತ್ತರ. ಇದನ್ನು ಊರು ಬಿಡುವ ಮುನ್ನವೇ ಗೋಡೆಗೆ ನಿಲ್ಲಿಸಿ ಅಳೆಯುವುದು ಲೇಸು. ಇದೇ ಉದ್ಯಾನದ ಟ್ರಾನ್ಸ್‌ಫಾರ್ಮರ್ಸ್ ಆಟಕ್ಕೆ 102 ಸೆಂಟಿಮೀಟರ್ ಸಾಕು. ಮಮ್ಮಿ ಆಟಕ್ಕೆ 122, ಗ್ಯಾಲಾಕ್ಟಿಕಾ ರೋಲರ್ ಕೋಸ್ಟರ್‌ಗೆ 125 ಬೇಕು. ಸಿಬ್ಬಂದಿ ಕೋಲಿನಿಂದ ಅಳೆದು ನೋಡುತ್ತಾರೆ, ಎಷ್ಟು ವಿನಂತಿಸಿದರೂ ವಿನಾಯಿತಿ ದೊರೆಯದು. ಐದು ವರ್ಷದ ಮಗುವಿಗೆ ಈ ಆಟಗಳಲ್ಲಿ ಅರ್ಧಕ್ಕರ್ಧ ಬಾಗಿಲು ಮುಚ್ಚಿದಂತೆಯೇ. ಎಂಟು-ಹತ್ತು ವರ್ಷದ ಮಗುವಿಗೆ ಅದೇ ಟಿಕೆಟ್ ಸಾರ್ಥಕ. ರಕ್ತದೊತ್ತಡ, ಹೃದ್ರೋಗ, ಬೆನ್ನುನೋವು ಉಳ್ಳವರೂ ಗರ್ಭಿಣಿಯರೂ ವೇಗದ ಆಟಗಳನ್ನು ಹತ್ತಬಾರದೆಂಬ ಸೂಚನೆ ಎಲ್ಲೆಡೆ ಇರುತ್ತದೆ. ಮೊಣಕಾಲು ನೋವಿನವರಿಗೆ ಆಟಕ್ಕಿಂತ ದಿನವಿಡೀ ನಡೆಯುವುದು, ನಿಲ್ಲುವುದೇ ಕಷ್ಟ.

ಮಗುವಿಗೆ ಇಂತಹ ಆಟ ಹಿಡಿಸುತ್ತದೆಯೋ ಭಯವಾಗುತ್ತದೆಯೋ ಎಂಬುದನ್ನು ಕಡಿಮೆ ಖರ್ಚಿನಲ್ಲಿ ಪರೀಕ್ಷಿಸಲೂಬಹುದು. ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯಲ್ಲಿ 2005ರಿಂದ ವಂಡರ್‌ಲಾ ಇದೆ. ಅಲ್ಲಿ ಮೊದಲ ಇಳಿಜಾರಿನಲ್ಲಿಯೇ ಅತ್ತ ಮಗುವಿಗಾಗಿ ಸಿಂಗಪುರದ ಟಿಕೆಟ್ ಕೊಳ್ಳುವುದು ವ್ಯರ್ಥ.

ಸಮಯದ ವಿಷಯದಲ್ಲಿ ಮಾತ್ರ ನಮ್ಮ ರಜೆ ಅನುಕೂಲಕರವಾಗಿದೆ. ಸಿಂಗಪುರದ ಶಾಲೆಗಳಿಗೆ ವರ್ಷದ ನಡುವಿನ ದೊಡ್ಡ ರಜೆ ಮೇ ಕೊನೆಗೆ ಆರಂಭವಾಗಿ ಜೂನ್ ಪೂರ್ತಿ ಇರುತ್ತದೆ. ಆದ್ದರಿಂದ ಏಪ್ರಿಲ್ ಅಥವಾ ಮೇ ಮೊದಲ ಭಾಗದಲ್ಲಿ, ಶನಿವಾರ-ಭಾನುವಾರ ಬಿಟ್ಟು ಹೋದರೆ ಸರದಿ ಸಾಮಾನ್ಯವಾಗಿ ಚಿಕ್ಕದು. ಅಲ್ಲಿ ಮಧ್ಯಾಹ್ನದ ಗುಡುಗು ಮಳೆ ಸಾಮಾನ್ಯ. ಮಿಂಚು ಕಂಡರೆ ಬಯಲಿನ ಆಟಗಳನ್ನು ನಿಲ್ಲಿಸುತ್ತಾರೆ. ಬೆಳಿಗ್ಗೆಯೇ ಅವುಗಳನ್ನು ಮುಗಿಸಿಕೊಳ್ಳಬೇಕು.

ದುಬೈ ಕಡೆಗೆ ಹೋಗುವವರ ಲೆಕ್ಕ ಬೇರೆ. ಅಲ್ಲಿ ಬೇಸಿಗೆಯ ಬಿಸಿಲು ನವಲಗುಂದದವರನ್ನೂ ಬಾಡಿಸುವಂಥದು. ದುಬೈಯ ಐ.ಎಂ.ಜಿ. ವರ್ಲ್ಡ್ಸ್ ಮತ್ತು ಅಬುಧಾಬಿಯ ಫೆರಾರಿ ವರ್ಲ್ಡ್ ಬಹುಪಾಲು ಚಾವಣಿಯ ಕೆಳಗಿವೆ, ತಂಪಾಗಿರುತ್ತವೆ. ಗ್ಲೋಬಲ್ ವಿಲೇಜ್ ಮಾತ್ರ ಬೇಸಿಗೆಯಲ್ಲಿ ಮುಚ್ಚಿರುತ್ತದೆ.

ನಮ್ಮ ಅಭಿಪ್ರಾಯ ಇಷ್ಟು: ಇಡೀ ಕುಟುಂಬ ಒಟ್ಟಿಗೆ ಹೋಗಲೇಬೇಕೆಂಬ ಹಟವೇ ಅನವಶ್ಯಕ. ದೂರದ ದೇಶಕ್ಕೆ ಹೋಗಿ ಬೇರೆ ಬೇರೆಯಾಗುವುದು ಹಿರಿಯರಿಗೆ ಇಷ್ಟವಾಗದು ನಿಜ. ಆದರೆ ಎತ್ತರ ಸಾಕಷ್ಟಿರುವ ಮಕ್ಕಳನ್ನು ಕರೆದುಕೊಂಡು ತಂದೆಯೋ ತಾಯಿಯೋ ಒಬ್ಬರು ಉದ್ಯಾನಕ್ಕೆ ಹೋದರೆ ಖರ್ಚು ಅರ್ಧವಾಗುತ್ತದೆ. ಉಳಿದವರಿಗೆ ಅದೇ ದಿನ ಶುಲ್ಕವಿಲ್ಲದೆ ನೋಡಲು ಬೇಕಾದಷ್ಟಿದೆ. 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸಸ್ಯೋದ್ಯಾನ ರೈತನ ಕಣ್ಣಿಗೆ ಹಬ್ಬ. ಲಿಟಲ್ ಇಂಡಿಯಾದಲ್ಲಿ ವೀರಮಾಕಾಳಿಯಮ್ಮನ ಗುಡಿಯಿದೆ. ಸೆರಂಗೂನ್ ರಸ್ತೆಯಲ್ಲಿ 2013ರಿಂದ ಬೆಂಗಳೂರಿನ ಎಂ.ಟಿ.ಆರ್. ಶಾಖೆಯಿರುವುದರಿಂದ ಸಸ್ಯಾಹಾರದ ಚಿಂತೆಯೂ ಇಲ್ಲ. ಸಂಜೆ ಗಾರ್ಡನ್ಸ್ ಬೈ ದ ಬೇ ಉದ್ಯಾನದ ಬೃಹತ್ ಕೃತಕ ಮರಗಳ ಕೆಳಗೆ ನಡೆಯುವ ದೀಪ-ಸಂಗೀತದ ಪ್ರದರ್ಶನಕ್ಕೆ ಎಲ್ಲರೂ ಕೂಡಬಹುದು. ಅದಕ್ಕೂ ಟಿಕೆಟ್ ಇಲ್ಲ.

ಏಜೆಂಟರ ಪ್ಯಾಕೇಜ್ ಕೊಳ್ಳುವವರು ಥೀಮ್ ಪಾರ್ಕನ್ನು ಪ್ರತ್ಯೇಕವಾಗಿಡಲು ಮೊದಲೇ ಕೇಳಬೇಕು. ಒಮ್ಮೆ ಸೇರಿಸಿದ ಮೇಲೆ ಅಜ್ಜಿಯ ಪಾಲಿನ ಹಣ ಮರಳಿ ಬರುವುದು ದುರ್ಲಭ. ವಿದೇಶ ಪ್ಯಾಕೇಜಿನ ಮೇಲೆ ಮೂಲದಲ್ಲಿ ಹಿಡಿಯುವ ತೆರಿಗೆಯ ರಸೀದಿಯನ್ನು ಜೋಪಾನ ಮಾಡಿದರೆ ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಇನ್ನು ಕಟಿ ರೊಟ್ಟಿ, ಶೇಂಗಾ ಚಟ್ನಿಯ ಗಂಟಿನ ಜೊತೆಗೆ ಗುಟಕಾ, ಜರ್ದಾ ಸೇರದಂತೆ ನೋಡಿಕೊಳ್ಳಬೇಕು, ಸಿಂಗಪುರದಲ್ಲಿ ಅವು ನಿಷಿದ್ಧ. ದುಬೈಗೆ ಹೋಗುವವರು ಗಸಗಸೆಯನ್ನೂ ವೀಳ್ಯದೆಲೆಯನ್ನೂ ಮನೆಯಲ್ಲಿಯೇ ಬಿಡತಕ್ಕದ್ದು.