ಸವೆದ ಸೈಕಲ್ ಟೈರಿಗೆ ಹಳೆ ಟ್ಯೂಬಿನ ಒಳಪಟ್ಟಿ

ಬೆಳಗಿನ ಹಾಲು ಕರೆದು, ಕ್ಯಾನನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಬಿಗಿದು ಹೊರಟಿದ್ದೀರಿ. ಅರ್ಧ ದಾರಿಯಲ್ಲಿ ಹಿಂದಿನ ಚಕ್ರದ ಗಾಳಿ ಇಳಿದುಹೋದರೆ ಏನು ಗತಿ? ಸಂಘದಲ್ಲಿ ಹಾಲು ಅಳೆದುಕೊಳ್ಳುವ ಹೊತ್ತು ನಿಮಗಾಗಿ ಕಾಯುವುದಿಲ್ಲ. ಬಿಸಿಲೇರಿದರೆ ಹಾಲು ಕೆಡುತ್ತದೆ. ಪುಟ್ಟ ನೆಗ್ಗಿಲು ಮುಳ್ಳೊಂದು ಸಾಕು, ಒಂದು ಹೊತ್ತಿನ ಹಾಲಿನ ದುಡ್ಡು ಕೈತಪ್ಪಲು.

ಹೊಸ ಟೈರಿನ ರಬ್ಬರು ದಪ್ಪವಾಗಿರುವುದರಿಂದ ಗಿಡ್ಡ ಮುಳ್ಳಿನ ತುದಿ ಟ್ಯೂಬಿಗೆ ತಾಗುವುದು ಕಡಿಮೆ. ಸವೆದು ನುಣುಪಾದ ಟೈರಿನಲ್ಲಿ ಅದೇ ಮುಳ್ಳು ಸಲೀಸಾಗಿ ಒಳಹೊಗುತ್ತದೆ. ಹೊಸ ಟೈರು ಹಾಕಿಸುವುದೇ ಉತ್ತಮ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬೆಳೆಯ ಹಣ ಕೈಗೆ ಬರುವವರೆಗೆ ಹಳೆ ಟ್ಯೂಬಿನ ಒಳಪಟ್ಟಿಯಿಂದ ಕೆಲಸ ಸಾಗಿಸಬಹುದು. ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಶಾಲಾ ಮಕ್ಕಳಿಗೆ ದೊರೆತ ಸೈಕಲ್ಲೇನಾದರೂ ನಿಮ್ಮ ಮನೆಯ ಮೂಲೆಯಲ್ಲಿದ್ದರೆ ಅದಕ್ಕೂ ಈ ಉಪಾಯ ಹೊಂದುತ್ತದೆ.

ಮೊದಲು ಟೈರನ್ನು ಪರೀಕ್ಷಿಸಿರಿ

ಎಲ್ಲ ಟೈರಿಗೂ ಒಳಪಟ್ಟಿ ಮದ್ದಲ್ಲ. ಒಳಗಿನ ನೂಲು ಹರಿದು ಹೊರಗೆ ಕಾಣುತ್ತಿದ್ದರೆ, ಪಕ್ಕದಲ್ಲಿ ಬುಗುಟು ಎದ್ದಿದ್ದರೆ, ಅಂಚಿನ ತಂತಿ ತುಂಡಾಗಿದ್ದರೆ ಆ ಟೈರಿನ ಆಸೆ ಬಿಡಿರಿ. ಭಾರ ಹೇರಿದಾಗ ಅದು ಸಿಡಿಯಬಹುದು. ಮುಂದಿನ ಚಕ್ರದಲ್ಲಿ ಹಾಗಾದರೆ ಸವಾರ ಬೀಳುವುದು ಖಂಡಿತ. ರಬ್ಬರು ಸವೆದಿದ್ದರೂ ನೂಲಿನ ಪದರ ಗಟ್ಟಿಯಾಗಿರುವ ಟೈರಿಗೆ ಮಾತ್ರ ಒಳಪಟ್ಟಿ ಹಾಕಬೇಕು.

ಟೈರಿನಲ್ಲೇ ಮುರಿದು ಉಳಿದ ಹಳೆ ಮುಳ್ಳು ಇನ್ನೊಂದು ಶತ್ರು. ಅದನ್ನು ಕಂಡುಹಿಡಿಯಲು ಒಂದು ಹಿಡಿ ಅರಳೆಯನ್ನು ಟೈರಿನ ಒಳಮೈಗೆ ಸವರುತ್ತ ಹೋಗಿರಿ. ಎಳೆ ಎಲ್ಲಿ ಸಿಕ್ಕಿಕೊಳ್ಳುವುದೋ ಅಲ್ಲಿ ಮುಳ್ಳಿದೆ ಎಂದು ತಿಳಿಯಿರಿ. ಇಕ್ಕಳದಿಂದ ಕಿತ್ತು ತೆಗೆಯಿರಿ.

ಪಟ್ಟಿ ಮಾಡುವ ಕ್ರಮ

ಮೋಟಾರ್ ಸೈಕಲ್ಲಿನ ಹಳೆ ಟ್ಯೂಬು ಇದಕ್ಕೆ ಬಲು ಒಳ್ಳೆಯದು. ಸೈಕಲ್ ಟ್ಯೂಬಿಗಿಂತ ದಪ್ಪ, ಆದರೂ ಮೃದು. ಒಂದೇ ಟ್ಯೂಬು ಪೂರಾ ಸುತ್ತಿಗೆ ಸಾಲದು. ಎರಡು ತುಂಡು ಬೇಕಾಗುತ್ತದೆ. ಅದು ಸಿಗದಿದ್ದರೆ ಹಳೆ ಸೈಕಲ್ ಟ್ಯೂಬನ್ನೇ ವಾಲ್ವ್ ಇರುವ ಭಾಗ ಕತ್ತರಿಸಿ ತೆಗೆದು, ಉದ್ದಕ್ಕೆ ಸೀಳಿ ಬಳಸಬಹುದು.

ಪಟ್ಟಿಯ ಅಗಲ ಸುಮಾರು ಒಂದೂವರೆ ಅಂಗುಲ ಇರಲಿ, ಅಂದರೆ ನೆಲಕ್ಕೆ ತಾಗುವ ಭಾಗವನ್ನು ಮುಚ್ಚುವಷ್ಟು. ರಿಮ್ಮಿನ ಅಂಚಿನವರೆಗೆ ಬಂದರೆ ಟೈರು ಸರಿಯಾಗಿ ಕೂರುವುದಿಲ್ಲ. ಉದ್ದವನ್ನು ಟೈರಿನೊಳಗೇ ಇಟ್ಟು ಅಳೆಯಿರಿ. ತುದಿಗಳು ಒಂದರ ಮೇಲೊಂದು ಎರಡು ಅಂಗುಲ ಬರಬೇಕು.

ಟೈರಿನ ಒಳಗೂ ಪಟ್ಟಿಗೂ ತೆಳುವಾಗಿ ಮುಖದ ಪೌಡರ್ ಸವರಿರಿ. ಪಟ್ಟಿಯನ್ನು ನಡುವೆ ಸುಕ್ಕಿಲ್ಲದಂತೆ ಹಾಸಿರಿ. ಸೇರಿಕೆ ವಾಲ್ವಿನ ಎದುರು ಬದಿಗೆ ಬರಲಿ. ಟ್ಯೂಬಿಗೆ ಸ್ವಲ್ಪ ಗಾಳಿ ಹಾಕಿ ದುಂಡಗೆ ಮಾಡಿ ಒಳಗಿಡಿರಿ. ಟೈರಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿರಿ. ಸ್ಕ್ರೂಡ್ರೈವರ್ ಹಾಕಿದರೆ ಟ್ಯೂಬಿಗೆ ಗಾಯವಾದೀತು. ಅರ್ಧ ಗಾಳಿ ತುಂಬಿ, ಚಕ್ರ ತಿರುಗಿಸಿ, ಸುತ್ತಲೂ ಸಮನಾಗಿ ಕೂತಿದೆಯೇ ನೋಡಿದ ಮೇಲೆ ಪೂರ್ತಿ ತುಂಬಿರಿ.

ತುದಿಗಳ ಬಗ್ಗೆ ಎಚ್ಚರ

ನಾನು ಹೈಸ್ಕೂಲಿನಲ್ಲಿದ್ದಾಗ, 1992ರ ಸುಮಾರಿಗೆ, ನಮ್ಮ ತಂದೆಯವರು ಸೈಕಲ್ಲಿನಲ್ಲಿ ಹಾಲು ಒಯ್ಯುತ್ತಿದ್ದರು. ಪಂಕ್ಚರಿನ ಕಾಟ ತಾಳಲಾರದೆ ಹಳೆ ಟೈರನ್ನೇ ಕುಡುಗೋಲಿನಿಂದ ಕೊಯ್ದು ಒಳಪಟ್ಟಿ ಹಾಕಿದರು. ಮೊದಲ ಎರಡು ವಾರ ಚಿಂತೆಯಿರಲಿಲ್ಲ. ಆಮೇಲೊಂದು ಸಂಜೆ ಊರಿನಿಂದ ಮೂರು ಮೈಲಿ ದೂರದಲ್ಲಿ ಗಾಳಿ ಹೋಯಿತು. ಸೈಕಲ್ ತಳ್ಳಿಕೊಂಡು ಹೋಗುವಷ್ಟರಲ್ಲಿ ಸಂಘದ ಬಾಗಿಲು ಹಾಕಿತ್ತು. ಮರುದಿನ ಟ್ಯೂಬು ಬಿಚ್ಚಿ ನೋಡಿದರೆ ಮುಳ್ಳಿನ ಸುಳಿವೇ ಇಲ್ಲ! ಪಟ್ಟಿಯ ದಪ್ಪ ತುದಿ ಉಜ್ಜಿ ಉಜ್ಜಿ ಟ್ಯೂಬಿನ ಮೇಲೆ ಗೆರೆ ಎಳೆದಂತೆ ಸವೆಸಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗಿತ್ತು.

ಆದ್ದರಿಂದ ತುದಿಗಳನ್ನು ಬ್ಲೇಡಿನಿಂದ ಓರೆಯಾಗಿ ಹೆರೆದು, ಉಪ್ಪುಕಾಗದದಿಂದ ಉಜ್ಜಿ ತೆಳುಮಾಡಲೇಬೇಕು. ಪಂಕ್ಚರ್ ಸೊಲ್ಯೂಷನ್ ಸವರಿ ಒಂದಕ್ಕೊಂದು ಅಂಟಿಸಿರಿ. ಎರಡು ತುಂಡು ಹಾಕಿದ್ದರೆ ಎರಡು ಸೇರಿಕೆಗೂ ಇದೇ ಕ್ರಮ. ಎರಡು ವಾರದ ನಂತರ ಒಮ್ಮೆ ಬಿಚ್ಚಿ ನೋಡಿರಿ. ಟ್ಯೂಬಿನ ಮೇಲೆ ಉಜ್ಜಿದ ಗುರುತು ಕಂಡರೆ ಆ ಜಾಗವನ್ನು ಇನ್ನಷ್ಟು ನಯಗೊಳಿಸಿರಿ.

ಒಳಪಟ್ಟಿ ಗಿಡ್ಡ ಮುಳ್ಳನ್ನು ತಡೆದೀತು; ಮೊಳೆಯನ್ನೂ ಬಳ್ಳಾರಿ ಜಾಲಿಯ ಉದ್ದ ಮುಳ್ಳನ್ನೂ ತಡೆಯಲಾರದು. ಗಾಳಿ ಕಡಿಮೆಯಿದ್ದು ಚಕ್ರ ಕಲ್ಲಿಗೆ ಬಡಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಅದಕ್ಕೂ ಪಟ್ಟಿ ಉಪಾಯವಲ್ಲ. ಭಾರ ಹೇರುವ ಮುನ್ನ ಹೆಬ್ಬೆರಳಿನಿಂದ ಟೈರನ್ನು ಒತ್ತಿ ನೋಡುವುದು ರೂಢಿಯಾಗಲಿ.

ಮುಳ್ಳನ್ನು ದಾರಿಯಲ್ಲೇ ತಡೆಯಿರಿ

ನೆಗ್ಗಿಲು ನೆಲಕ್ಕೆ ಹರಡುವ ಕಳೆ. ಹಳದಿ ಹೂ ಬಿಡುತ್ತದೆ. ಕಾಯಿ ಬಲಿತು ಉದುರಿದರೆ ಮುಳ್ಳಿನ ಜತೆಗೆ ಮುಂದಿನ ಮಳೆಗೆ ಬೀಜವನ್ನೂ ಬಿತ್ತಿದಂತೆಯೇ. ಹೂವಿರುವಾಗಲೇ, ನೆಲ ಹಸಿಯಾಗಿದ್ದಾಗ, ಬೇರುಸಹಿತ ಕಿತ್ತುಹಾಕಿರಿ. ಬೇಲಿಗೆಂದು ಜಾಲಿ ಕೊಂಬೆ ಎಳೆದು ತಂದ ದಿನ ಬಂಡಿದಾರಿಯನ್ನು ಒಮ್ಮೆ ಗುಡಿಸಿರಿ. ಆ ದಾರಿಯಲ್ಲಿ ನಿಮ್ಮ ಸೈಕಲ್ಲಲ್ಲದೆ, ಬರಿಗಾಲಿನ ಮಕ್ಕಳೂ ಎತ್ತುಗಳೂ ನಡೆಯುತ್ತವೆ ಎಂಬುದನ್ನು ಮರೆಯಬಾರದು.