ಐದು ಹೆಡೆಯ ಹಾವಿನ ವಿಡಿಯೊ: ಕಂಪ್ಯೂಟರ್‌ನಲ್ಲಿ ಅದು ಹುಟ್ಟುವುದು ಹೇಗೆ?

“ಐದು ಹೆಡೆಯ ಸರ್ಪ ಕಾಣಿಸಿಕೊಂಡಿದೆ, ಕೂಡಲೇ ಹನ್ನೊಂದು ಜನರಿಗೆ ಕಳಿಸಿ.” ಇಂಥ ಫಾರ್ವರ್ಡ್ ನಮ್ಮ ಫೋನುಗಳಿಗೆ ಆಗಾಗ ಬರುತ್ತಲೇ ಇರುತ್ತದೆ. “ಹಾವು ಅಲುಗಾಡುತ್ತಿದೆಯಲ್ಲ, ಇದನ್ನು ಸುಳ್ಳು ಮಾಡೋಕಾಗುತ್ತಾ?” ಎಂಬುದು ಹಲವರ ಪ್ರಶ್ನೆ. ಆಗುತ್ತದೆ. ಹೇಗೆಂದು ನೋಡೋಣ.

ಹಾವಿನ ಮೈ ಯಾವುದರಿಂದ ಆಗಿದೆ?

3ಡಿ ತಂತ್ರಾಂಶದಲ್ಲಿ ಹಾವಿಗೆ ಮಾಂಸವಿಲ್ಲ, ಮೇಲ್ಮೈ ಮಾತ್ರ. ಮೂರು ಅಥವಾ ನಾಲ್ಕು ಮೂಲೆಗಳ ಸಾವಿರಾರು ಚಿಕ್ಕ ತುಂಡುಗಳನ್ನು ಬಲೆಯಂತೆ ಜೋಡಿಸಿದರೆ ಅದೇ ಚರ್ಮ. ಈ ತುಂಡುಗಳೇ ಪಾಲಿಗಾನ್‌ಗಳು, ಅಂದರೆ ಬಹುಭುಜಗಳು.

ಬೇಕಾದ ತುಂಡು ಹಿಡಿಯುವುದು ಹೇಗೆ?

ಏನು ಬದಲಿಸಬೇಕಿದ್ದರೂ ಮೊದಲು ಆಯ್ಕೆ ಮಾಡಬೇಕು. ಉಚಿತವಾಗಿ ಸಿಗುವ ಬ್ಲೆಂಡರ್‌ನಲ್ಲಿ ಎಡಿಟ್ ಮೋಡ್‌ಗೆ ಹೋಗಿ 1 ಒತ್ತಿದರೆ ಬಿಂದುಗಳು, 2 ಒತ್ತಿದರೆ ಅಂಚುಗಳು, 3 ಒತ್ತಿದರೆ ಮುಖಗಳು ಆಯ್ಕೆಗೆ ಸಿಗುತ್ತವೆ. ಆಲ್ಟ್ ಹಿಡಿದು ಒಂದು ಅಂಚಿನ ಮೇಲೆ ಕ್ಲಿಕ್ ಮಾಡಿದರೆ, ಬಲೆ ಅಚ್ಚುಕಟ್ಟಾಗಿದ್ದಲ್ಲಿ ಕುತ್ತಿಗೆಯ ಸುತ್ತಲಿನ ಬಳೆಯಂಥ ಸಾಲು ಪೂರ್ತಿ ಸಿಗುತ್ತದೆ. ಮೌಸ್ ಇಟ್ಟ ಜಾಗದಲ್ಲಿ ‘ಎಲ್’ ಒತ್ತಿದರೆ ಅದಕ್ಕೆ ಅಂಟಿಕೊಂಡ ಭಾಗವೆಲ್ಲ ಬರುತ್ತದೆ.

ಹೊಸಬರು ಎಡವುವುದು ಇಲ್ಲಿ: ಚೌಕ ಎಳೆದು ಹೆಡೆಯನ್ನು ಆರಿಸಿದಾಗ ಕಣ್ಣಿಗೆ ಕಾಣುವ ಮುಂಬದಿ ಮಾತ್ರ ಸಿಗುತ್ತದೆ. ಎಕ್ಸ್-ರೇ ನೋಟ ಹಾಕದಿದ್ದರೆ ಹೆಡೆಯ ಮುಂಭಾಗ ಸರಿದು, ಹಿಂಭಾಗ ಅಲ್ಲೇ ಉಳಿಯುತ್ತದೆ.

ಗುಂಪು ಯಾಕೆ ಬೇಕು?

ಪ್ರತಿ ಸಲ ಸಾವಿರ ಬಿಂದು ಆರಿಸುತ್ತ ಕೂರಲಾಗದು. ಅದಕ್ಕೇ ‘ಹೆಡೆ’, ‘ಕುತ್ತಿಗೆ’ ಎಂದು ಹೆಸರಿಟ್ಟು ಬಿಂದುಗಳ ಗುಂಪು ಮಾಡುತ್ತಾರೆ. ಗುಂಪಿನ ಪ್ರತಿ ಬಿಂದುವಿಗೂ 0ಯಿಂದ 1ರವರೆಗೆ ಒಂದು ತೂಕವಿರುತ್ತದೆ. ಹೆಡೆಯ ಒಳಗಿನ ‘ಮೂಳೆ’ ತಿರುಗಿದಾಗ 1 ತೂಕದ ಬಿಂದು ಪೂರ್ತಿ ತಿರುಗುತ್ತದೆ. ಕುತ್ತಿಗೆಯ ಬಿಂದುಗಳನ್ನು ಹೆಡೆಗೂ ಮೈಗೂ ಅರ್ಧರ್ಧ ಹಂಚಿದರೆ ಬಾಗು ನಯವಾಗಿ ಬರುತ್ತದೆ. ತೂಕ ತಪ್ಪಿದರೆ ಚರ್ಮ ಚಾಕಲೇಟ್ ಕಾಗದದಂತೆ ತಿರುಚಿಕೊಳ್ಳುತ್ತದೆ. ಮುಖಗಳನ್ನೂ ಹೀಗೇ ವಿಂಗಡಿಸಿ ಕಣ್ಣಿಗೆ ಹೊಳಪು, ನಾಲಿಗೆಗೆ ಬೇರೆ ಬಣ್ಣ ಕೊಡುತ್ತಾರೆ.

ಇನ್ನು ಐದು ಹೆಡೆ? ಒಂದನ್ನು ಆರಿಸಿ ನಾಲ್ಕು ಸಲ ನಕಲು ಮಾಡಿ ಮೈಗೆ ಜೋಡಿಸಿದರಾಯಿತು.

“ಮನೆಯಲ್ಲಿ ಕೂತು ಇಷ್ಟೆಲ್ಲ ಆಗುತ್ತಾ?” ಎನ್ನಬೇಡಿ. 2025ರಲ್ಲಿ ಆಸ್ಕರ್ ಗೆದ್ದ ‘ಫ್ಲೋ’ ಆನಿಮೇಷನ್ ಚಿತ್ರ ತಯಾರಾಗಿದ್ದೂ ಬ್ಲೆಂಡರ್‌ನಲ್ಲೇ.

ಫಾರ್ವರ್ಡ್ ಬಂದರೆ ಏನು ನೋಡಬೇಕು?

• ಐದೂ ಹೆಡೆಗಳ ಗುರುತು, ಮಚ್ಚೆ ಒಂದೇ ಅಚ್ಚಿನಂತಿವೆಯೇ?
• ಹೆಡೆಗಳು ಮೈಗೆ ಸೇರುವಲ್ಲಿ ಚರ್ಮ ಹಿಂಡಿದಂತೆ ಅಥವಾ ಒಂದರೊಳಗೊಂದು ತೂರಿದಂತೆ ಕಾಣುತ್ತದೆಯೇ?
• ನೆಲಕ್ಕೆ ತಾಗುವಲ್ಲಿ ನೆರಳು ಸರಿಯಾಗಿ ಬಿದ್ದಿದೆಯೇ?

ಇವು ಸುಳಿವುಗಳಷ್ಟೇ. ನುರಿತವರು ಮಾಡಿದ್ದರೆ ಇವು ಸಿಗದೆಯೂ ಇರಬಹುದು. ಫೋಟೊ ತಿದ್ದಿ ಮಾಡಿದ ಚಿತ್ರಗಳೂ, ಎಐ ತಯಾರಿಸಿದ ವಿಡಿಯೊಗಳೂ ಬೇರೆ ದಾರಿಯಲ್ಲಿ ಹುಟ್ಟುತ್ತವೆ. ಹಾಗಾಗಿ ತಪ್ಪು ಕಾಣಲಿಲ್ಲ ಎಂದ ಮಾತ್ರಕ್ಕೆ ವಿಡಿಯೊ ನಿಜವಾಗುವುದಿಲ್ಲ.

ನಿಜ ಏನು?

ಎರಡು ತಲೆಯ ಹಾವುಗಳು ಅಪರೂಪಕ್ಕೆ ಹುಟ್ಟುತ್ತವೆ. ಭ್ರೂಣ ಅವಳಿಯಾಗಿ ಪೂರ್ತಿ ಬೇರ್ಪಡದಿದ್ದಾಗ ಹೀಗಾಗುತ್ತದೆ. ಐದು ಹೆಡೆಯ ಜೀವಂತ ನಾಗರಹಾವು ಮಾತ್ರ ವಿಜ್ಞಾನದಲ್ಲಿ ದಾಖಲಾಗಿಲ್ಲ. ನಂಬಿಕೆಯ ನಾಗಪ್ಪನಿಗೆ ಕೈಮುಗಿಯುವುದು ಬೇರೆ, ಯಾರೋ ಜೋಡಿಸಿದ ಪಾಲಿಗಾನ್‌ಗಳಿಗೆ ಹೆದರಿ ಹನ್ನೊಂದು ಜನರನ್ನು ಹೆದರಿಸುವುದು ಬೇರೆ. ಕಳಿಸಲೇಬೇಕೆನಿಸಿದರೆ ಆ ವಿಡಿಯೊ ಜೊತೆಗೆ ಈ ವಿವರಣೆಯನ್ನೂ ಕಳಿಸೋಣ.