ಬ್ರೆವೆ (ದೀರ್ಘದೂರ ಸೈಕಲ್ ಸವಾರಿ)

ಬ್ರೆವೆ ಎಂಬುದು ಗೊತ್ತುಪಡಿಸಿದ ಮಾರ್ಗವನ್ನು ನಿಗದಿತ ಕಾಲಮಿತಿಯೊಳಗೆ, ಸ್ವಾವಲಂಬಿಯಾಗಿ ಪೂರೈಸಬೇಕಾದ ದೀರ್ಘದೂರ ಸೈಕಲ್ ಸವಾರಿಯಾಗಿದೆ. ಇದು ಸ್ಪರ್ಧೆಯಲ್ಲ, ಇದರಲ್ಲಿ ಮೊದಲ, ಎರಡನೆಯ ಸ್ಥಾನಗಳಿರುವುದಿಲ್ಲ. ಕಾಲಮಿತಿಯೊಳಗೆ ಗುರಿ ಮುಟ್ಟಿದ ಎಲ್ಲರಿಗೂ ಸಮಾನ ಮಾನ್ಯತೆ ದೊರೆಯುತ್ತದೆ. ಇಂತಹ ಸವಾರಿಯ ಹವ್ಯಾಸವನ್ನು ರಾಂಡೊನೂರಿಂಗ್ ಎಂದೂ, ಇದರಲ್ಲಿ ತೊಡಗಿದವರನ್ನು ರಾಂಡೊನೂರ್ ಎಂದೂ ಕರೆಯಲಾಗುತ್ತದೆ. ಬ್ರೆವೆಯ ದೂರವು ಸಾಮಾನ್ಯವಾಗಿ 200 ಕಿಲೋಮೀಟರ್‌ಗಳಿಂದ ಆರಂಭವಾಗಿ 1000 ಕಿಲೋಮೀಟರ್ ಅಥವಾ ಅದಕ್ಕೂ ಮೀರಿ ಇರುತ್ತದೆ. ಇಷ್ಟು ದೂರದ ಸವಾರಿಯಲ್ಲಿ ಗರಿಷ್ಠ ವೇಗಕ್ಕಿಂತಲೂ ಸಮವಾದ ವೇಗ, ಸೈಕಲ್ ನಿಲ್ಲಿಸಿದ ಸಮಯದ ಲೆಕ್ಕ, ಆಹಾರ ಮತ್ತು ನಿದ್ರೆ ಹೆಚ್ಚು ನಿರ್ಣಾಯಕವಾಗುತ್ತವೆ.

ಇತಿಹಾಸ

1891ರಲ್ಲಿ ಫ್ರಾನ್ಸಿನ 'ಲೆ ಪೆಟಿ ಜೂರ್ನಾಲ್' ಪತ್ರಿಕೆಯ ಪಿಯರ್ ಜಿಫಾರ್ ಅವರು ಪ್ಯಾರಿಸ್‌ನಿಂದ ಬ್ರೆಸ್ಟ್ ನಗರಕ್ಕೆ ಹೋಗಿ ಮರಳುವ ಸುಮಾರು 1200 ಕಿಲೋಮೀಟರ್‌ಗಳ ಸ್ಪರ್ಧೆಯನ್ನು ಏರ್ಪಡಿಸಿದರು. ಇನ್ನೂರಕ್ಕೂ ಹೆಚ್ಚು ಸವಾರರು ಹೊರಟರೂ ಸುಮಾರು ಅರ್ಧದಷ್ಟು ಮಂದಿ ಮಾತ್ರ ಸವಾರಿಯನ್ನು ಪೂರೈಸಿದರು. ಚಾರ್ಲ್ಸ್ ತೆರೋಂ 72 ಗಂಟೆಗಳ ಒಳಗೆ ಮರಳಿ ಗೆದ್ದರು. 20ನೆಯ ಶತಮಾನದಲ್ಲಿ ಈ ಸ್ಪರ್ಧೆಯು ಕ್ರಮೇಣ ಹವ್ಯಾಸಿ ಸವಾರರ ಕಾರ್ಯಕ್ರಮವಾಗಿ ಮಾರ್ಪಟ್ಟಿತು. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ ಹೆಸರಿನ ಈ ಸವಾರಿಯು ಈಗ ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತದೆ.

1897ರಲ್ಲಿ ಇಟಲಿಯ ಸವಾರರ ತಂಡವೊಂದು ರೋಮ್‌ನಿಂದ ನೇಪಲ್ಸ್‌ವರೆಗಿನ ಸುಮಾರು 230 ಕಿಲೋಮೀಟರ್‌ಗಳನ್ನು ಒಂದೇ ದಿನದಲ್ಲಿ ಕ್ರಮಿಸಲು ಹೊರಟಿತು. ಇಂತಹ ಸಾಹಸಿಗಳಿಗೆ ಲ್ಯಾಟಿನ್ ಭಾಷೆಯಲ್ಲಿ 'ಧೈರ್ಯಶಾಲಿ' ಎಂಬ ಅರ್ಥವುಳ್ಳ 'ಆಡಾಕ್ಸ್' ಎಂಬ ಹೆಸರು ಬಂದಿತು. 1904ರಲ್ಲಿ ಆನ್ರಿ ದೆಗ್ರಾಂಜ್ ಅವರು ಈ ಪದ್ಧತಿಯನ್ನು ಫ್ರಾನ್ಸಿನಲ್ಲಿ ಆರಂಭಿಸಿದರು. ಅದೇ ವರ್ಷ ಆಡಾಕ್ಸ್ ಕ್ಲಬ್ ಪಾರಿಸಿಯನ್ ಸ್ಥಾಪನೆಯಾಯಿತು. ಮೊದಲಿಗೆ ಎಲ್ಲರೂ ಒಬ್ಬ ನಾಯಕನ ವೇಗಕ್ಕೆ ಹೊಂದಿಕೊಂಡು ಗುಂಪಾಗಿ ಸಾಗಬೇಕಿತ್ತು. 1921ರಿಂದ ಈ ಕ್ಲಬ್ ಪ್ರತಿಯೊಬ್ಬ ಸವಾರನೂ ತನ್ನದೇ ವೇಗದಲ್ಲಿ ಸಾಗಬಹುದಾದ ಪದ್ಧತಿಯನ್ನು ಜಾರಿಗೆ ತಂದಿತು. ವೇಗವನ್ನು ನಿರ್ಧರಿಸುವ ಸ್ವಾತಂತ್ರ್ಯ ಮತ್ತು ಅದರ ಹೊಣೆ ಎರಡೂ ಸವಾರನಿಗೆ ಬಂದದ್ದು ಈ ಬದಲಾವಣೆಯಿಂದ.

ನಿಯಮಗಳು ಮತ್ತು ಕಾಲಮಿತಿ

ಆಡಾಕ್ಸ್ ಕ್ಲಬ್ ಪಾರಿಸಿಯನ್ ಮಾನ್ಯ ಮಾಡುವ ಬ್ರೆವೆಗಳ ಗರಿಷ್ಠ ಕಾಲಮಿತಿ ಹೀಗಿದೆ:

200 ಕಿ.ಮೀ. – 13 ಗಂಟೆ 30 ನಿಮಿಷ
300 ಕಿ.ಮೀ. – 20 ಗಂಟೆ
400 ಕಿ.ಮೀ. – 27 ಗಂಟೆ
600 ಕಿ.ಮೀ. – 40 ಗಂಟೆ
1000 ಕಿ.ಮೀ. – 75 ಗಂಟೆ

ಮಾರ್ಗದುದ್ದಕ್ಕೂ ನಿಯಂತ್ರಣ ಕೇಂದ್ರಗಳಿದ್ದು, ಪ್ರತಿಯೊಂದಕ್ಕೂ ತೆರೆಯುವ ಮತ್ತು ಮುಚ್ಚುವ ಸಮಯವಿರುತ್ತದೆ. ಸವಾರನು ಆ ಅವಧಿಯೊಳಗೆ ಕೇಂದ್ರವನ್ನು ತಲುಪಿದ್ದಕ್ಕೆ ಪುರಾವೆ ಒದಗಿಸಬೇಕು. ಬೆಂಬಲ ವಾಹನವಿದ್ದರೂ ಅದು ನಿಯಂತ್ರಣ ಕೇಂದ್ರಗಳಲ್ಲಿ ಮಾತ್ರ ನೆರವಾಗಬಹುದು. ರಾತ್ರಿ ವೇಳೆಯಲ್ಲಿ ಮುಂದಿನ ಮತ್ತು ಹಿಂದಿನ ದೀಪಗಳು ಹಾಗೂ ಬೆಳಕನ್ನು ಪ್ರತಿಫಲಿಸುವ ಮೇಲಂಗಿ ಕಡ್ಡಾಯ. ಒಂದೇ ಋತುವಿನಲ್ಲಿ 200, 300, 400 ಮತ್ತು 600 ಕಿಲೋಮೀಟರ್‌ಗಳ ಬ್ರೆವೆಗಳನ್ನು ಪೂರೈಸಿದವರಿಗೆ 'ಸೂಪರ್ ರಾಂಡೊನೂರ್' ಎಂಬ ಮಾನ್ಯತೆ ದೊರೆಯುತ್ತದೆ.

ವೇಗ ನಿರ್ವಹಣೆ

600 ಕಿಲೋಮೀಟರ್‌ವರೆಗಿನ ಬ್ರೆವೆಗಳ ಕಾಲಮಿತಿಯು ಗಂಟೆಗೆ ಸುಮಾರು 15 ಕಿಲೋಮೀಟರ್‌ಗಳ ಸರಾಸರಿಯನ್ನು ಆಧರಿಸಿದೆ. ಈ ಸರಾಸರಿಯು ಊಟ, ನಿದ್ರೆ, ಪಂಕ್ಚರ್ ಮೊದಲಾದ ಎಲ್ಲ ನಿಲುಗಡೆಗಳನ್ನೂ ಒಳಗೊಂಡಿರುತ್ತದೆ. ಆದ್ದರಿಂದ ಸೈಕಲ್ ಚಲಿಸುತ್ತಿರುವ ಸಮಯ ಮತ್ತು ನಿಂತಿರುವ ಸಮಯ ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕಾಗುತ್ತದೆ.

ಉದಾಹರಣೆಗೆ, 600 ಕಿಲೋಮೀಟರ್‌ಗಳನ್ನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಕ್ರಮಿಸಲು 30 ಗಂಟೆ ಬೇಕು. ನಿಲುಗಡೆಗಳಿಗೆ 10 ಗಂಟೆ ಉಳಿಯುತ್ತದೆ. ಗಂಟೆಗೆ 22 ಕಿಲೋಮೀಟರ್ ವೇಗದಲ್ಲಿ ಸುಮಾರು 27 ಗಂಟೆ 16 ನಿಮಿಷ, 24 ಕಿಲೋಮೀಟರ್ ವೇಗದಲ್ಲಿ 25 ಗಂಟೆ ಹಿಡಿಯುತ್ತದೆ. ಅಂದರೆ ವೇಗವನ್ನು 22ರಿಂದ 24ಕ್ಕೆ ಏರಿಸಿದರೆ ಉಳಿಯುವುದು ಸುಮಾರು 2 ಗಂಟೆ 16 ನಿಮಿಷ ಮಾತ್ರ. ಆದರೆ ಗಾಳಿಯ ಪ್ರತಿರೋಧವನ್ನು ಮೀರಲು ಬೇಕಾಗುವ ಶಕ್ತಿಯ ದರವು ವೇಗದ ಘನಕ್ಕೆ ಅನುಪಾತದಲ್ಲಿರುವುದರಿಂದ, ಈ ಸಣ್ಣ ಏರಿಕೆಗೆ ಗಾಳಿಯ ವಿರುದ್ಧ ಶಕ್ತಿ ವ್ಯಯವಾಗುವ ದರವು ಸುಮಾರು ಶೇಕಡಾ 30ರಷ್ಟು ಹೆಚ್ಚುತ್ತದೆ. ಅತ್ತ 20 ನಿಲುಗಡೆಗಳಲ್ಲಿ ಪ್ರತಿಯೊಂದರಿಂದ 7 ನಿಮಿಷ ಕಡಿಮೆ ಮಾಡಿದರೆ ಅಷ್ಟೇ ಸಮಯವು ಯಾವುದೇ ಹೆಚ್ಚಿನ ಶ್ರಮವಿಲ್ಲದೆ ಉಳಿಯುತ್ತದೆ. ಅನುಭವಿ ಸವಾರರು ನಿಲ್ಲುವ ಮೊದಲೇ ಅಲ್ಲಿ ಮಾಡಬೇಕಾದ ಕೆಲಸಗಳನ್ನು ಗೊತ್ತುಮಾಡಿಕೊಳ್ಳುವುದು ಈ ಕಾರಣದಿಂದಲೇ.

ಹೊಸಬರಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷವೆಂದರೆ ಆರಂಭದ ಅತಿವೇಗ. ಬೆಳಗಿನ ತಂಪು, ತಾಜಾ ಕಾಲುಗಳು ಮತ್ತು ಮುಂದೆ ಸಾಗುವ ಗುಂಪಿನ ಸೆಳೆತದಿಂದ ಶ್ರಮದ ಅರಿವು ಆಗುವುದಿಲ್ಲ. ಮತ್ತೊಬ್ಬ ಸವಾರನ ಹಿಂದೆ ಸಾಗುವುದರಿಂದ ಶ್ರಮ ಗಣನೀಯವಾಗಿ ಕಡಿಮೆಯಾಗುವುದು ನಿಜವಾದರೂ, ಗುಂಪಿನ ಜೊತೆಗಿರಲು ಪ್ರತಿ ಏರಿನಲ್ಲೂ ಏದುಸಿರು ಬಿಡಬೇಕಾದರೆ ಆ ಲಾಭ ನಷ್ಟವಾಗಿ ಪರಿಣಮಿಸುತ್ತದೆ. ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗುವಷ್ಟು ಶ್ರಮವನ್ನು ಸುಸ್ಥಿರ ಶ್ರಮದ ಸರಳ ಅಳತೆಯಾಗಿ ಬಳಸಲಾಗುತ್ತದೆ. ಹೃದಯ ಬಡಿತದ ಮಾಪಕವನ್ನೂ ಬಳಸುವುದುಂಟು. ಆದರೆ ಬಿಸಿಲು ಮತ್ತು ನಿರ್ಜಲೀಕರಣದಿಂದ ಅದೇ ಶ್ರಮಕ್ಕೆ ಬಡಿತವು ಏರುತ್ತ ಹೋಗುತ್ತದೆ ಎಂಬುದನ್ನು ಗಮನದಲ್ಲಿಡಬೇಕು.

ಸಮವಾಗಿರಬೇಕಾದುದು ಶ್ರಮವೇ ಹೊರತು ವೇಗವಲ್ಲ. ಏರಿನಲ್ಲೂ ಎದುರುಗಾಳಿಯಲ್ಲೂ ವೇಗ ಇಳಿಯುವುದು ಸಹಜ. 20 ಕಿಲೋಮೀಟರ್ ಏರನ್ನು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹತ್ತಿ, ಅಷ್ಟೇ ದೂರದ ಇಳಿಜಾರನ್ನು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇಳಿದರೂ ಒಟ್ಟು ಸರಾಸರಿ 25 ಆಗುವುದಿಲ್ಲ, ಕೇವಲ 16 ಆಗುತ್ತದೆ. ಏರಿನಲ್ಲಿ ಕಳೆದ ಸಮಯವು ಇಳಿಜಾರಿನಲ್ಲಿ ಪೂರ್ಣವಾಗಿ ಮರಳಿ ಸಿಗುವುದಿಲ್ಲವಾದ್ದರಿಂದ ಘಟ್ಟದ ಮಾರ್ಗಗಳಿಗೆ ಯೋಜನೆಯಲ್ಲಿ ಪ್ರತ್ಯೇಕ ಸಮಯ ಮೀಸಲಿಡಬೇಕಾಗುತ್ತದೆ.

ಆಹಾರ ಮತ್ತು ನೀರು

ಮಾನವ ದೇಹವು ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಸುಮಾರು 2000 ಕಿಲೋಕ್ಯಾಲೊರಿಗಳಷ್ಟು ಶಕ್ತಿಯನ್ನು ಸಂಗ್ರಹಿಸಿಡಬಲ್ಲದು. ಕೊಬ್ಬಿನ ಸಂಗ್ರಹ ಇದಕ್ಕಿಂತ ಬಹುಪಾಲು ಹೆಚ್ಚಿದ್ದರೂ ಅದು ನಿಧಾನವಾಗಿ ಶಕ್ತಿ ಒದಗಿಸುತ್ತದೆ. ವೇಗ ಹೆಚ್ಚಿದಷ್ಟೂ ಗ್ಲೈಕೋಜನ್ ಬೇಗ ಕರಗುತ್ತದೆ. ಅದು ಬರಿದಾದಾಗ ಸವಾರನಿಗೆ ಇದ್ದಕ್ಕಿದ್ದಂತೆ ನಿತ್ರಾಣ, ತಲೆಸುತ್ತು ಮತ್ತು ಮಂಕು ಕವಿಯುತ್ತದೆ. ಹೀಗಾಗಿ ಹಸಿವಾಗುವ ಮುನ್ನವೇ, ಮೊದಲ ಗಂಟೆಯಿಂದಲೇ ತಿನ್ನಲು ಆರಂಭಿಸುವುದು ವಾಡಿಕೆ.

ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೆಚ್ಚಿನವರಿಗೆ ಒಗ್ಗುವ ಪ್ರಮಾಣವಾಗಿದೆ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಭಾರತದ ರಸ್ತೆಗಳಲ್ಲಿ ಸುಲಭವಾಗಿ ಸಿಗುವ ಇಡ್ಲಿ, ಮೊಸರನ್ನ, ಕಡಲೆಕಾಯಿ ಚಿಕ್ಕಿ, ಖರ್ಜೂರ ಮೊದಲಾದವು ಈ ಉದ್ದೇಶಕ್ಕೆ ಹೊಂದುತ್ತವೆ. ಕರಿದ ತಿಂಡಿಗಳು ಮತ್ತು ಒಮ್ಮೆಲೇ ಮಾಡುವ ಭಾರೀ ಊಟ ಜೀರ್ಣವಾಗಲು ತಡವಾಗುವುದರಿಂದ ಹೊಟ್ಟೆ ತೊಳಸುವ ಸಂಭವವಿರುತ್ತದೆ.

ಬೆವರಿನ ಪ್ರಮಾಣವು ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬೇರೆಯಾಗಿರುವುದರಿಂದ ಎಲ್ಲರಿಗೂ ಅನ್ವಯಿಸುವ ನೀರಿನ ಅಳತೆಯಿಲ್ಲ. ಅಭ್ಯಾಸ ಸವಾರಿಯ ಮೊದಲು ಮತ್ತು ನಂತರ ದೇಹದ ತೂಕ ನೋಡಿಕೊಂಡರೆ ಸ್ವಂತ ಅಗತ್ಯದ ಅಂದಾಜು ಸಿಗುತ್ತದೆ. ಬೆವರಿನೊಂದಿಗೆ ಸೋಡಿಯಂ ಕೂಡ ನಷ್ಟವಾಗುತ್ತದೆ. ಬೇಕಾದುದಕ್ಕಿಂತ ಹೆಚ್ಚು ನೀರನ್ನು ಗಂಟೆಗಟ್ಟಲೆ ಕುಡಿಯುತ್ತಿದ್ದರೆ ರಕ್ತದ ಸೋಡಿಯಂ ಮಟ್ಟ ಕುಸಿದು ತಲೆನೋವು, ವಾಂತಿ, ಗೊಂದಲ ಉಂಟಾಗಬಹುದು. ತೀವ್ರವಾದಾಗ ಇದು ಪ್ರಾಣಾಪಾಯಕಾರಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದ್ದರೂ ಸೋಡಿಯಂ ಕಡಿಮೆ ಇರುವುದರಿಂದ, ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ಓಆರ್‌ಎಸ್ ದ್ರಾವಣಕ್ಕೆ ಅದು ಪೂರ್ಣ ಪರ್ಯಾಯವಲ್ಲ.

ನಿದ್ರೆ ಮತ್ತು ರಾತ್ರಿ ಸವಾರಿ

300 ಕಿಲೋಮೀಟರ್ ಮೀರಿದ ಬ್ರೆವೆಗಳಲ್ಲಿ ಹೆಚ್ಚಿನವರಿಗೆ ರಾತ್ರಿ ಸವಾರಿ ಅನಿವಾರ್ಯ. ನಡುರಾತ್ರಿ 2ರಿಂದ ಬೆಳಗಿನ 5 ಗಂಟೆಯವರೆಗೆ ದೇಹದ ಜೈವಿಕ ಗಡಿಯಾರದ ಪ್ರಭಾವದಿಂದ ಎಚ್ಚರ ಅತ್ಯಂತ ಕಡಿಮೆಯಾಗುತ್ತದೆ. ತೂಕಡಿಕೆಯಲ್ಲಿ ಸೈಕಲ್ ತುಳಿಯುವುದು ಇಂತಹ ಸವಾರಿಗಳ ಅತಿ ದೊಡ್ಡ ಅಪಾಯಗಳಲ್ಲೊಂದು. ಕಣ್ಣು ಎಳೆಯುವುದು, ಗೆರೆಯಿಂದ ಅತ್ತಿತ್ತ ಸರಿಯುವುದು, ಸಾಗಿಬಂದ ಕಳೆದ ಕೆಲವು ನಿಮಿಷಗಳ ದಾರಿಯ ನೆನಪಿಲ್ಲದಿರುವುದು ಇದರ ಮುನ್ಸೂಚನೆಗಳು. ಆಗ ಸುರಕ್ಷಿತ ಸ್ಥಳದಲ್ಲಿ 15–20 ನಿಮಿಷ ಮಲಗಿದರೂ ಎಚ್ಚರ ಮರಳುತ್ತದೆ. ಕಾಫಿ ಅಥವಾ ಚಹಾ ನಿದ್ರೆಯನ್ನು ಮುಂದೂಡುತ್ತದೆಯೇ ಹೊರತು ಅದರ ಸ್ಥಾನವನ್ನು ತುಂಬುವುದಿಲ್ಲ.

600 ಕಿಲೋಮೀಟರ್‌ಗಳ ಬ್ರೆವೆಯಲ್ಲಿ ಅನೇಕರು ಮೊದಲ ದಿನವೇ ಅರ್ಧಕ್ಕಿಂತ ಹೆಚ್ಚು ದೂರ ಕ್ರಮಿಸಿ, ಮೂರು–ನಾಲ್ಕು ಗಂಟೆ ಮಲಗಿ, ಉಳಿದ ದೂರವನ್ನು ಎರಡನೆಯ ದಿನ ಪೂರೈಸುತ್ತಾರೆ. ಸಮವಾದ ವೇಗದಿಂದ ಉಳಿಸಿದ ಸಮಯದ ಮುಖ್ಯ ಉಪಯೋಗ ಈ ನಿದ್ರೆಯೇ ಆಗಿದೆ.

ದೈಹಿಕ ಸಿದ್ಧತೆ

ತರಬೇತಿಯಲ್ಲಿ ದೂರವನ್ನು ಕ್ರಮೇಣ ಹೆಚ್ಚಿಸುವುದು ಮೂಲ ತತ್ತ್ವ. ಸ್ನಾಯುಗಳು ಮತ್ತು ಹೃದಯ ಬೇಗ ಹೊಂದಿಕೊಂಡರೂ ಮೊಣಕಾಲಿನ ಸ್ನಾಯುರಜ್ಜುಗಳು ನಿಧಾನವಾಗಿ ಹೊಂದಿಕೊಳ್ಳುವುದರಿಂದ ಅವಸರದ ಏರಿಕೆ ಗಾಯಕ್ಕೆ ಕಾರಣವಾಗುತ್ತದೆ. ವಾರದ ದಿನಗಳಲ್ಲಿ ಚಿಕ್ಕ ಸವಾರಿಗಳನ್ನೂ ವಾರಾಂತ್ಯದಲ್ಲಿ ಒಂದು ದೀರ್ಘ ಸವಾರಿಯನ್ನೂ ಮಾಡುವುದು ರೂಢಿಯಲ್ಲಿದೆ. ಶನಿವಾರ ಮತ್ತು ಭಾನುವಾರ ಸತತವಾಗಿ ದೂರ ಸಾಗುವುದರಿಂದ ದಣಿದ ಕಾಲುಗಳಲ್ಲಿ ತುಳಿಯುವ ಅಭ್ಯಾಸವಾಗುತ್ತದೆ. ಗುರಿಯಷ್ಟೇ ದೂರವನ್ನು ಮೊದಲೇ ಕ್ರಮಿಸಬೇಕೆಂದಿಲ್ಲ; 200 ಕಿಲೋಮೀಟರ್‌ಗಳ ಬ್ರೆವೆಗೆ 120ರಿಂದ 150 ಕಿಲೋಮೀಟರ್‌ಗಳ ಅಭ್ಯಾಸ ಸಾಮಾನ್ಯವಾಗಿ ಸಾಕಾಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಬ್ರೆವೆಯೂ ಮುಂದಿನದಕ್ಕೆ ತರಬೇತಿಯಾಗುತ್ತದೆ.

ಕನಿಷ್ಠ ಒಂದು ರಾತ್ರಿ ಸವಾರಿ ಮತ್ತು ಮಧ್ಯಾಹ್ನದ ಬಿಸಿಲಿನ ಸವಾರಿ ಅಭ್ಯಾಸದಲ್ಲಿ ಸೇರಿರಬೇಕು. ಬಿಸಿಲಿಗೆ ದೇಹ ಹೊಂದಿಕೊಳ್ಳಲು ಸುಮಾರು ಎರಡು ವಾರ ಬೇಕಾಗುತ್ತದೆ. ಬ್ರೆವೆಯ ಹಿಂದಿನ ಒಂದು–ಎರಡು ವಾರಗಳಲ್ಲಿ ದೂರವನ್ನು ತಗ್ಗಿಸಿ ವಿಶ್ರಾಂತಿ ಹೆಚ್ಚಿಸಲಾಗುತ್ತದೆ. ಹೃದ್ರೋಗ, ಮಧುಮೇಹ ಮೊದಲಾದ ತೊಂದರೆ ಇರುವವರು ತರಬೇತಿಗೆ ಮೊದಲು ವೈದ್ಯರ ಸಲಹೆ ಪಡೆಯುವುದು ಅವಶ್ಯಕ.

ಸೈಕಲ್ ಮತ್ತು ಸಾಮಗ್ರಿ

ಬ್ರೆವೆಗೆ ಇಂತಹದೇ ಸೈಕಲ್ ಬೇಕೆಂಬ ನಿಯಮವಿಲ್ಲ. ಸೀಟಿನ ಎತ್ತರ ಮತ್ತು ಹ್ಯಾಂಡಲ್ ಇರುವ ದೂರ ಸವಾರನ ದೇಹಕ್ಕೆ ಹೊಂದಿರುವುದು ಸೈಕಲ್ಲಿನ ತೂಕಕ್ಕಿಂತ ಮುಖ್ಯ. ಸೀಟು ತೀರಾ ಕೆಳಗಿದ್ದರೆ ಮೊಣಕಾಲಿನ ಮುಂಭಾಗದಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ದೀರ್ಘಕಾಲ ಅಂಗೈ ಒತ್ತುವುದರಿಂದ ಕಿರುಬೆರಳು ಮತ್ತು ಉಂಗುರ ಬೆರಳು ಮರಗಟ್ಟಬಹುದು. ಹಿಡಿತವನ್ನು ಆಗಾಗ ಬದಲಿಸುವುದರಿಂದ ಇದು ತಗ್ಗುತ್ತದೆ.

ಎರಡು ಹೆಚ್ಚುವರಿ ಟ್ಯೂಬ್, ಪಂಕ್ಚರ್ ತೇಪೆ, ಪಂಪ್, ಟೈರ್ ಬಿಚ್ಚುವ ಸಾಧನ, ಸ್ಪ್ಯಾನರ್ ಮತ್ತು ಚೈನಿನ ಕೊಂಡಿ, ಹೆಚ್ಚುವರಿ ದೀಪ, ಮಳೆಯಂಗಿ, ಹಣ ಹಾಗೂ ತುರ್ತು ಸಂಪರ್ಕ ವಿವರ ಸಾಮಾನ್ಯವಾಗಿ ಜೊತೆಗಿರಬೇಕಾದವು. ಹೊಸ ಸೀಟು, ಹೊಸ ಶೂ ಅಥವಾ ಹೊಸ ಆಹಾರವನ್ನು ಬ್ರೆವೆಯ ದಿನವೇ ಮೊದಲ ಬಾರಿಗೆ ಬಳಸುವುದು ಸೂಕ್ತವಲ್ಲ.

ಭಾರತದಲ್ಲಿ

ಭಾರತದಲ್ಲಿ ಈ ಸವಾರಿಗಳನ್ನು ಆಡಾಕ್ಸ್ ಇಂಡಿಯಾ ರಾಂಡೊನೂರ್ಸ್ ಸಂಸ್ಥೆಯ ಆಶ್ರಯದಲ್ಲಿ ಬೆಂಗಳೂರೂ ಸೇರಿದಂತೆ ಹಲವು ನಗರಗಳ ಕ್ಲಬ್‌ಗಳು ನಡೆಸುತ್ತವೆ. ಇಲ್ಲಿನ ಸಿದ್ಧತೆಯಲ್ಲಿ ಬಿಸಿಲು, ಮುಂಗಾರಿನ ಮಳೆ, ಬಣ್ಣ ಬಳಿಯದ ರಸ್ತೆ ಉಬ್ಬುಗಳು, ದೀಪವಿಲ್ಲದೆ ನಿಂತ ವಾಹನಗಳು ಮತ್ತು ಬೀದಿನಾಯಿಗಳನ್ನು ಪರಿಗಣಿಸಬೇಕಾಗುತ್ತದೆ. ಕರ್ನಾಟಕದಲ್ಲಿ ಕರಾವಳಿಯಿಂದ ಮಲೆನಾಡಿಗೆ ಏರುವ ಆಗುಂಬೆ, ಚಾರ್ಮಾಡಿ ಮೊದಲಾದ ಘಾಟಿಗಳು ಸವಾರರ ಶ್ರಮದ ಲೆಕ್ಕವನ್ನು ಪರೀಕ್ಷಿಸುವಂತಹವು. ಬಿಸಿಲಿಗೆ ಒಗ್ಗಿದ ಸವಾರರಿಗೆ ಚಳಿಯೇ ತೊಡಕಾಗುವುದೂ ಉಂಟು: 2019ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ನಲ್ಲಿ ದೊಡ್ಡ ಸಂಖ್ಯೆಯಲ್ಲಿ ಪಾಲ್ಗೊಂಡ ಭಾರತೀಯರಲ್ಲಿ ಅನೇಕರು ಎದುರುಗಾಳಿ ಮತ್ತು ರಾತ್ರಿಯ ಚಳಿಯ ನಡುವೆ ಸವಾರಿಯನ್ನು ಪೂರೈಸಲಾಗಲಿಲ್ಲ.

ಸವಾರಿಯನ್ನು ಕೈಬಿಡುವುದು

ಬ್ರೆವೆಯನ್ನು ಅರ್ಧಕ್ಕೆ ನಿಲ್ಲಿಸುವುದಕ್ಕೆ ಯಾವುದೇ ದಂಡನೆ ಇಲ್ಲ. ಅದೇ ದೂರವನ್ನು ಮತ್ತೊಮ್ಮೆ ಪ್ರಯತ್ನಿಸಬಹುದು. ದಣಿವು, ಹಸಿವು, ಬೇಸರ ಇವು ಆಹಾರ ಮತ್ತು ಅಲ್ಪ ವಿಶ್ರಾಂತಿಯಿಂದ ಪರಿಹಾರವಾಗುವಂತಹವು. ಎದೆನೋವು, ನಿಲ್ಲದ ವಾಂತಿ, ಗೊಂದಲ, ಬಿಸಿಲಿನಲ್ಲಿ ಮೈ ಸುಡುತ್ತ ತಲೆಸುತ್ತುವುದು, ಗಾಢ ಬಣ್ಣದ ಅತ್ಯಲ್ಪ ಮೂತ್ರ, ಮಲಗಿ ಎದ್ದರೂ ಹೋಗದ ತೂಕಡಿಕೆ ಇವು ಕೂಡಲೇ ನಿಲ್ಲಿಸಬೇಕಾದ ಲಕ್ಷಣಗಳು. ಇಂತಹ ಸ್ಥಿತಿಯಲ್ಲಿ ನೋವು ನಿವಾರಕ ಮಾತ್ರೆಗಳ ಬಲದಿಂದ ಮುಂದುವರಿಯುವುದು ಅಪಾಯಕರ. ಐಬುಪ್ರೊಫೇನ್ ವರ್ಗದ ಮಾತ್ರೆಗಳು ನಿರ್ಜಲೀಕರಣದ ಸ್ಥಿತಿಯಲ್ಲಿ ಮೂತ್ರಪಿಂಡಗಳಿಗೆ ಹಾನಿ ಉಂಟುಮಾಡಬಲ್ಲವು. ನಿಲ್ಲಿಸಿದ ಸವಾರನು ಆ ವಿಷಯವನ್ನು ಸಂಘಟಕರಿಗೆ ತಿಳಿಸಬೇಕು. ಇಲ್ಲವಾದರೆ ರಾತ್ರಿಯ ರಸ್ತೆಯಲ್ಲಿ ಆತನಿಗಾಗಿ ಇತರರು ಹುಡುಕಾಡಬೇಕಾದೀತು.